ಆ ತಾಯಿ ಹೇಳಿದ್ದು ‘ಕಳವು’: ಶ್ರೀಲಂಕಾ ಪೊಲೀಸ್ ಮಹಾನಿರೀಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೊಲೀಸ್ ಮಹಾನಿರೀಕ್ಷಕರಾದ ಶ್ರೀ ಪ್ರಿಯಂತ ವೀರಸೂರಿಯ ಅವರಿಗೆ,

ನಮಸ್ಕಾರ.

ಈ ಪತ್ರವನ್ನು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬರುವುದಿಲ್ಲ, ಗೊತ್ತು. ಯಾರನ್ನಾದರೂ ಕರೆಸಿ ಓದಿಸಿಕೊಳ್ಳಬೇಕಾಗುತ್ತದೆ. ಅವರು ಓದಿ ಹೇಳಿದ್ದು ನಾನು ಬರೆದದ್ದೇನಾ, ಅರ್ಧ ನುಂಗಿದರಾ, ತಮ್ಮದೂ ಎರಡು ಮಾತು ಸೇರಿಸಿದರಾ ಅಂತ ನಿಮಗೆ ತಿಳಿಯುವುದಿಲ್ಲ. ಆಮೇಲೆ ಕೆಳಗೆ ಸಹಿ ಹಾಕಿ ಅಂದರೆ ಹಾಕುತ್ತೀರಾ? ತಮಿಳು ಮಾತಾಡುವವರೇ ಹೆಚ್ಚಿರುವ ನಿಮ್ಮ ಉತ್ತರ, ಪೂರ್ವ ಪ್ರಾಂತ್ಯಗಳಲ್ಲಿ ಠಾಣೆಯ ಮೆಟ್ಟಿಲು ಹತ್ತುವ ಎಷ್ಟೋ ಜನ ಹಾಕುತ್ತಿದ್ದಾರೆ.

ನಾನು ಕರ್ನಾಟಕ ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತನಾದವನು. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಆ ವಯಸ್ಸು. ಸರ್ವಿಸ್‌ನ ಬಹುಪಾಲು ಕಳೆದದ್ದು ರೈಟರ್ ಟೇಬಲ್ಲಿನ ಹಿಂದೆ. ನಿಮ್ಮ ಠಾಣೆಗಳಲ್ಲಿ ಆ ಕೆಲಸಕ್ಕೆ ಏನನ್ನುತ್ತಾರೋ, ನಮ್ಮಲ್ಲಿ ರೈಟರ್ ಅಂತಲೇ ಅನ್ನುತ್ತೇವೆ. ಬಂದವರು ಬಾಯಲ್ಲಿ ಹೇಳುತ್ತಾರೆ, ರೈಟರ್ ಬರೆಯುತ್ತಾನೆ. ಸಾಹೇಬರು ನೋಡುವುದು ಬರೆದದ್ದನ್ನು. ಕೋರ್ಟು ನೋಡುವುದೂ ಅದನ್ನೇ. ಬಾಯಲ್ಲಿ ಹೇಳಿದ್ದನ್ನು ನೋಡುವವರು ಯಾರೂ ಇಲ್ಲ.

ನೀವು 1988ರಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, 2025ರ ಆಗಸ್ಟ್‌ನಲ್ಲಿ ಇಡೀ ಪಡೆಯ ಮುಖ್ಯಸ್ಥರಾದವರು ಎಂದು ಓದಿದೆ. ಖುಷಿಯಾಯಿತು. ಕಾನ್‌ಸ್ಟೇಬಲ್ ಆದವನು ಮಹಾನಿರೀಕ್ಷಕನಾಗುವುದು ನಮ್ಮಲ್ಲಿ ಕನಸಿನಲ್ಲೂ ಆಗದ ಮಾತು. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಟೇಬಲ್ಲಿನ ಆ ಕಡೆಯ ಕಷ್ಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೋದ ವರ್ಷ ನಾನು, ನನ್ನ ಹೆಂಡತಿ ಮತ್ತು ಅವಳ ಅಕ್ಕ ಭಾವ ಸೇರಿ ನಿಮ್ಮ ದೇಶಕ್ಕೆ ಟೂರ್ ಬಂದಿದ್ದೆವು. ನುವಾರ ಎಲಿಯಾದ ಸೀತಾ ದೇವಸ್ಥಾನ, ತ್ರಿಂಕೋಮಲಿಯ ಕೋಣೇಶ್ವರ, ಜಾಫ್ನಾದ ನಲ್ಲೂರು ಕಂದಸ್ವಾಮಿ. ಉತ್ತರದಲ್ಲಿ ಒಂದು ಬಸ್ಸಿನಲ್ಲಿ ಹೆಂಡತಿಯ ವ್ಯಾನಿಟಿ ಬ್ಯಾಗ್ ಹೋಯಿತು. ಅದರಲ್ಲಿ ಅವಳ ಪಾಸ್‌ಪೋರ್ಟ್ ಇತ್ತು. ಜಾಫ್ನಾದಲ್ಲಿರುವ ನಮ್ಮ ಕಾನ್ಸುಲೇಟ್‌ಗೆ ಹೋಗಬೇಕಾದರೆ ಮೊದಲು ಪೊಲೀಸ್ ಕಂಪ್ಲೇಂಟ್ ಬೇಕು. ಹಾಗಾಗಿ ಒಂದು ಠಾಣೆಗೆ ಹೋದೆ. ಯಾವ ಠಾಣೆ ಅಂತ ಹೇಳುವುದಿಲ್ಲ. ಹೇಳಿದರೆ ನೀವು ಆ ಹುಡುಗನಿಗೆ ಮೆಮೊ ಕೊಡುತ್ತೀರಿ. ಅದು ನನಗೆ ಬೇಡ, ಅವನು ಒಳ್ಳೆಯ ಹುಡುಗ.

ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ದಕ್ಷಿಣದ ಯಾವುದೋ ಹಳ್ಳಿಯವನು. ಪ್ಲೇನ್ ಟೀ ತರಿಸಿಕೊಟ್ಟ. ನಾನೂ ಪೊಲೀಸ್ ಅಂದ ಮೇಲೆ ಕುರ್ಚಿ ಸರಿಸಿ ಹತ್ತಿರ ಕೂರಿಸಿಕೊಂಡ. ಅವನದು ಸಿಂಹಳ, ನನ್ನದು ಕನ್ನಡ, ಮಧ್ಯೆ ಇಬ್ಬರದೂ ಕುಂಟು ಇಂಗ್ಲಿಷ್. ದೊಡ್ಡ ಪುಸ್ತಕ ತೆಗೆದು ನನ್ನ ಕಂಪ್ಲೇಂಟನ್ನು ಸಿಂಹಳದಲ್ಲಿ ಬರೆಯತೊಡಗಿದ. ದುಂಡಗೆ ಮುದ್ದಾಗಿತ್ತು ಅಕ್ಷರ. ದೂರದಿಂದ ನೋಡಿದರೆ ನಮ್ಮ ಲಿಪಿಯ ದಾಯಾದಿಯೇ ಅನ್ನಿಸುತ್ತೆ. ಹತ್ತಿರ ಹೋದರೆ ಒಂದಕ್ಷರವೂ ಗೊತ್ತಾಗಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದರು. ಅರವತ್ತು ದಾಟಿದವರು. ಅವರ ಹಸು ಹೋಗಿತ್ತು. ಈ ಹುಡುಗನಿಗೆ ತಮಿಳು ಹತ್ತಿಪ್ಪತ್ತು ಶಬ್ದ ಬರುತ್ತಿತ್ತು ಅಷ್ಟೇ. ‘ಮಾಡು’ ಅಂದರೆ ಹಸು ಅಂತ ಗೊತ್ತಿತ್ತು. ತಮಿಳು ಬಲ್ಲ ಸಿಬ್ಬಂದಿ ಇದ್ದಾರಂತೆ, ಆದರೆ ಅವತ್ತು ಬಂದೋಬಸ್ತಿಗೆ ಹೋಗಿದ್ದರಂತೆ. ಯಾವ ದೇಶದ ಠಾಣೆಗೆ ಹೋದರೂ ಬೇಕಾದವನು ಬಂದೋಬಸ್ತಿಗೇ ಹೋಗಿರುತ್ತಾನೆ, ಅಲ್ವಾ?

ನಾನು ಕೋಲಾರದ ಗಡಿ ಕಡೆ ಕೆಲಸ ಮಾಡಿದವನು. ಕೆಜಿಎಫ್ ಚಿನ್ನದ ಗಣಿಯ ಸುತ್ತಮುತ್ತಲಿನ ಜನರ ಮನೆಮಾತು ತಮಿಳು. ಅವರ ಜೊತೆ ಜಗಳವಾಡಿ, ಟೀ ಕುಡಿದು ಕಲಿತ ತಮಿಳು ನನ್ನದು. ಜಾಫ್ನಾದ ತಮಿಳು ಬೇರೆಯೇ ರಾಗ. ಆದರೂ ಆ ತಾಯಿ ಹೇಳಿದ ಒಂದು ಶಬ್ದ ಕಿವಿಗೆ ಬಿದ್ದ ಕೂಡಲೇ ನೆಟ್ಟಗೆ ಕೂತೆ. ‘ಮಾಡು ಕಳವು ಪೋಯಿಟ್ಟುದು’ ಅಂದರು. ಕಳವು! ಮೂವತ್ತು ವರ್ಷ ನನ್ನ ಕೈ ಬರೆದ ಶಬ್ದ ಅದು. ಕನ್ನಡದ ಎಫ್‌ಐಆರ್‌ನಲ್ಲೂ ಅದೇ ಶಬ್ದ, ಅದೇ ಅರ್ಥ. ಸಮುದ್ರ ದಾಟಿ ಬಂದು ಅಲ್ಲಿ ಕೇಳಿಸಿಕೊಂಡೆ.

ಹುಡುಗ ಬರೆದು, ನನ್ನ ಕಡೆ ನೋಡಿ ನಕ್ಕು, ‘ಕೌ ಲಾಸ್ಟ್, ಅಂಕಲ್’ ಅಂದ.

ಕಾಣೆಯಾಗಿದೆ ಅನ್ನುವುದಕ್ಕೂ ಕಳವಾಗಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಕಾಣೆಯಾದ ಹಸುವನ್ನು ಹುಡುಕುವುದು ಹಸುವಿನ ಯಜಮಾನಿಯ ಕೆಲಸ. ಕಳವಾದ ಹಸುವನ್ನು ಹುಡುಕುವುದು ಪೊಲೀಸರ ಕೆಲಸ. ನಮ್ಮಲ್ಲಿ ಕ್ರೈಂ ಕಡಿಮೆ ತೋರಿಸಬೇಕಾದಾಗ ಎಷ್ಟು ಮೊಬೈಲ್‌ಗಳು ‘ಕಳವು’ ಆಗದೆ ‘ಕಳೆದುಹೋಗಿವೆ’ ಅಂತ ನನ್ನ ಬಾಯಿಂದ ಹೇಳಿಸಬೇಡಿ. ಆದರೆ ಈ ಹುಡುಗ ಹಾಗೆ ಮೋಸ ಮಾಡಲಿಲ್ಲ. ಅವನಿಗೆ ಆ ಶಬ್ದ ಗೊತ್ತೇ ಇರಲಿಲ್ಲ. ಆಕೆ ಒಬ್ಬನ ಮೇಲೆ ಅನುಮಾನ ಹೇಳಿದರು, ಹಿಂದಿನ ರಾತ್ರಿ ಲಾರಿಯ ಸದ್ದು ಕೇಳಿಸಿತು ಅಂದರು. ಅದ್ಯಾವುದೂ ಪುಸ್ತಕಕ್ಕೆ ಹೋಗಲಿಲ್ಲ. ನಾನು ನನ್ನ ಕೆಜಿಎಫ್ ತಮಿಳನ್ನು ಕುಂಟು ಇಂಗ್ಲಿಷಿಗೆ ಹಾಕಿ ಹೇಳಿದೆ. ಕನ್ನಡದ ರಿಟೈರ್ಡ್ ಎಎಸ್‌ಐ ಒಬ್ಬ, ಶ್ರೀಲಂಕಾದ ಪೊಲೀಸಿಗೂ ಶ್ರೀಲಂಕಾದ ಪ್ರಜೆಗೂ ಮಧ್ಯೆ ದುಭಾಷಿ! ಹುಡುಗ ಒಂದು ಕಡೆ ಕಾಟು ಹೊಡೆದು ಮೇಲೆ ಏನೋ ಬರೆದ. ಆಕೆ ಸಹಿ ಹಾಕಿದರು.

ಇದನ್ನೇ ದೊಡ್ಡದು ಮಾಡುತ್ತಿದ್ದೇನೆ ಅನ್ನಿಸಬಹುದು. ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಹೊಸದಾಗಿ ಗಡಿ ಠಾಣೆಗೆ ಬಂದಾಗ ಒಬ್ಬ ತಮಿಳು ಹೆಂಗಸು ಮನೆಯಲ್ಲಿ ಒಡವೆ ಹೋಯಿತು ಅಂತ ಬಂದರು. ಯಾರು ಬಂದಿದ್ದರು ಅಂದೆ. ‘ಸೊಂದಕ್ಕಾರನ್ ದಾನ್ ಸಾರ್ ವಂದಾನ್’ ಅಂದರು. ನನಗೆ ಆಗ ಅಷ್ಟು ತಮಿಳು ಬರುತ್ತಿರಲಿಲ್ಲ. ‘ಆರೋಪಿಯು ತನ್ನ ಸ್ವಂತ ಕಾರಿನಲ್ಲಿ ಬಂದಿದ್ದು’ ಅಂತ ಬರೆದೆ. ಸೊಂದಕ್ಕಾರನ್ ಅಂದರೆ ನೆಂಟ! ಕೆಳಗೆ ಮಾಮೂಲಿ ಸಾಲು: ‘ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿ ಸಹಿ ಮಾಡಿರುತ್ತಾರೆ.’ ಓದಿಯೂ ಹೇಳಿದ್ದೆ, ಕನ್ನಡದಲ್ಲಿ. ಆಕೆ ತಲೆಯೂ ಆಡಿಸಿದ್ದರು. ಕೋರ್ಟಿನಲ್ಲಿ ಪಾಟಿ ಸವಾಲಿಗೆ ನಿಂತಾಗ ಆ ಕಡೆಯ ವಕೀಲರು ಕೇಳಿದರು, ‘ಏನಮ್ಮಾ, ಕಾರು ಯಾವ ಬಣ್ಣ?’ ಆಕೆ ಕಕ್ಕಾಬಿಕ್ಕಿ. ಆರೋಪಿಗೆ ಸೈಕಲ್ಲೂ ಇರಲಿಲ್ಲ. ಕೇಸು ಬಿದ್ದುಹೋಯಿತು. ಕೋರ್ಟೆಲ್ಲ ನಕ್ಕಿತು, ನಾನೂ ನಕ್ಕೆ. ಆಕೆ ಮಾತ್ರ ನನ್ನನ್ನೇ ನೋಡುತ್ತಾ ನಿಂತಿದ್ದರು. ಅವತ್ತು ತಮಿಳು ಕಲಿಯಲು ಶುರು ಮಾಡಿದೆ, ಯಾವ ಸುತ್ತೋಲೆಯೂ ಬಂದು ಅಲ್ಲ.

ನನ್ನ ತಪ್ಪಿಗೆ ಹೋದದ್ದು ನಾಲ್ಕು ಬಳೆ. ನಿಮ್ಮಲ್ಲಿ ಒಬ್ಬ ಮನುಷ್ಯನ ಆಯಸ್ಸೇ ಹೋಗಿದೆ. 1993ರಲ್ಲಿ ಬಟ್ಟಿಕಲೋವಾ ಕಡೆ ಒಬ್ಬ ತಮಿಳು ಯುವಕನನ್ನು ಹಿಡಿದರು. ಅವನಿಗೆ ತಮಿಳು ಬಿಟ್ಟು ಬೇರೆ ಬರುತ್ತಿರಲಿಲ್ಲ. ಒಬ್ಬ ಕಾನ್‌ಸ್ಟೇಬಲ್ಲೇ ದುಭಾಷಿ. ತಪ್ಪೊಪ್ಪಿಗೆಯನ್ನು ಸಿಂಹಳದಲ್ಲಿ ಟೈಪ್ ಮಾಡಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದೊಂದು ಕಾಗದದ ಮೇಲೆ 1995ರಲ್ಲಿ 50 ವರ್ಷ ಶಿಕ್ಷೆ. ಅಪೀಲಿನಲ್ಲಿ 35ಕ್ಕೆ ಇಳಿಯಿತು. ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 2004ರಲ್ಲಿ ಇದು ನ್ಯಾಯವಾದ ವಿಚಾರಣೆಯಲ್ಲ ಅಂದಿತು. 2006ರಲ್ಲಿ ನಿಮ್ಮ ಸುಪ್ರೀಂ ಕೋರ್ಟು ಆ ಮಾತನ್ನು ಒಪ್ಪಲಿಲ್ಲ.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಅನ್ನುವ ನಿಯಮ ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ಎರಡೂ ಬ್ರಿಟಿಷರು ಬಿಟ್ಟುಹೋದದ್ದು. ಪೊಲೀಸರನ್ನು ಕಟ್ಟಿದವರೇ ಪೊಲೀಸರನ್ನು ಅಷ್ಟು ನಂಬಲಿಲ್ಲ, ನೋಡಿ! ಆದರೆ 1979ರ ನಿಮ್ಮ ಭಯೋತ್ಪಾದನೆ ತಡೆ ಕಾಯ್ದೆ ಆ ಬಾಗಿಲು ತೆರೆಯಿತು. ಎಎಸ್‌ಪಿ ಅಥವಾ ಅವರಿಗಿಂತ ಮೇಲಿನವರ ಮುಂದೆ ಹೇಳಿದರೆ ಸಾಕು, ಸಾಕ್ಷ್ಯವಾಗುತ್ತದೆ. ಬಲವಂತ ಮಾಡಿದರು ಅಂದರೆ ಅದನ್ನು ಸಾಬೀತು ಮಾಡಬೇಕಾದವನು ಆರೋಪಿಯೇ. ಮೂರು ವರ್ಷಕ್ಕೆ ಅಂತ ತಂದ ಕಾಯ್ದೆ 1982ರಲ್ಲಿ ಕಾಯಂ ಆಯಿತು. ನಾವೇನೂ ಸಾಚಾ ಅಲ್ಲ. ಭಯೋತ್ಪಾದನೆ ತಡೆಗೆ ಅಂತ ತಂದ ನಮ್ಮ ಟಾಡಾ, ಆಮೇಲೆ ಪೋಟಾ ಕಾಯ್ದೆಗಳೂ ಇದೇ ಬಾಗಿಲು ತೆರೆದಿದ್ದವು. ಟಾಡಾ 1995ರಲ್ಲಿ ಮುಗಿಯಿತು, ಪೋಟಾವನ್ನು 2004ರಲ್ಲಿ ತೆಗೆದುಹಾಕಿದರು. ಕಾಯ್ದೆ ತೆಗೆಯುವುದು ನಿಮ್ಮ ಕೈಯಲ್ಲಿಲ್ಲ, ಪಾರ್ಲಿಮೆಂಟಿನ ಕೆಲಸ. ಯಾವ ಭಾಷೆಯಲ್ಲಿ ಬರೆದುಕೊಳ್ಳಬೇಕು ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಭಾಷೆ ಗೊತ್ತಿಲ್ಲದಿದ್ದರೆ ಶಬ್ದ ಮಾತ್ರ ತಪ್ಪುವುದಿಲ್ಲ. ಯಾರನ್ನು ಅನುಮಾನಿಸಬೇಕು ಅನ್ನುವುದೂ ತಪ್ಪುತ್ತದೆ. 2018ರ ನವೆಂಬರ್ 30ರಂದು, ಬಟ್ಟಿಕಲೋವಾ ಹತ್ತಿರದ ವವುಣತೀವು ಚೆಕ್‌ಪೋಸ್ಟಿನಲ್ಲಿ ನಿಮ್ಮ ಇಬ್ಬರು ಪೊಲೀಸರನ್ನು ಕೊಂದು ಬಂದೂಕು ಒಯ್ದರು. ಆ ಇಬ್ಬರ ಮನೆಯವರನ್ನು ನೆನೆದರೆ ನನಗೆ ಈಗಲೂ ಸಂಕಟ. ಹಿಡಿದದ್ದು ಯಾರನ್ನು? ಹಿಂದೆ ಎಲ್‌ಟಿಟಿಇಯಲ್ಲಿದ್ದ ಒಬ್ಬನನ್ನು. ಅವನು ತಿಂಗಳುಗಟ್ಟಲೆ ಒಳಗಿದ್ದ. ನಿಜವಾಗಿ ಕೊಂದವರು ಉಗ್ರ ಜಹ್ರಾನ್ ಹಾಶಿಂನ ಗುಂಪಿನವರು ಅಂತ ಗೊತ್ತಾದದ್ದು, ಮುಂದಿನ ವರ್ಷ ಈಸ್ಟರ್ ಹಬ್ಬದ ದಿನ ಅದೇ ಗುಂಪಿನ ಬಾಂಬ್‌ಗಳು ಸಿಡಿದ ಮೇಲೆ.

ಆ ಜಹ್ರಾನ್ ಕಾತ್ತಾನ್‌ಕುಡಿಯವನು. ಬಟ್ಟಿಕಲೋವಾದ ಪಕ್ಕದಲ್ಲೇ ಇರುವ ಮುಸ್ಲಿಂ ಊರು. ಇವನು ಅಪಾಯದವನು ಅಂತ ಮೊದಲು ಕೂಗಿ ಹೇಳಿದವರು ಅದೇ ಊರಿನ ಮುಸ್ಲಿಮರು. 2017ರ ಮಾರ್ಚ್‌ನಲ್ಲಿ ಅಲ್ಲಿ ಸೂಫಿಗಳಿಗೂ ಇವನ ಕಡೆಯವರಿಗೂ ಹೊಡೆದಾಟವಾಯಿತು. ಜನ ದೂರು ಕೊಟ್ಟರು. ಅವನು ತಲೆಮರೆಸಿಕೊಂಡ. ಇದಕ್ಕಿಂತ ಒಳ್ಳೆಯ ಮಾಹಿತಿದಾರರು ಯಾವ ಪೊಲೀಸರಿಗೆ ಸಿಗುತ್ತಾರೆ? ನಮ್ಮಲ್ಲಿ ಒಬ್ಬ ಮಾಹಿತಿದಾರನನ್ನು ಸಾಕಲು ಟೀ, ಬೀಡಿ, ಪೆಟ್ರೋಲು ಅಂತ ಎಷ್ಟು ಖರ್ಚು ಮಾಡುತ್ತೇವೆ. ನಿಮಗೆ ಇಡೀ ಊರೇ ಪುಕ್ಕಟೆ ಬಂದು ಹೇಳಿತ್ತು.

2019ರ ಏಪ್ರಿಲ್ 21. ಮೂರು ಚರ್ಚು, ಮೂರು ಹೋಟೆಲು, 260ಕ್ಕೂ ಜಾಸ್ತಿ ಜನ. ನಮ್ಮವರೂ ಇದ್ದರು ಸರ್. ಏಪ್ರಿಲ್ 18ಕ್ಕೆ ನಮ್ಮ ಕಡೆ ಲೋಕಸಭೆ ಚುನಾವಣೆಯ ಮತದಾನ ಮುಗಿದಿತ್ತು. ಓಡಾಡಿ ಸುಸ್ತಾಗಿದ್ದ ಜೆಡಿಎಸ್ ಕಾರ್ಯಕರ್ತರು ಕೆಲವರು ಸುಮ್ನೆ ನಾಲ್ಕು ದಿನ ತಿರುಗಾಡಿಕೊಂಡು ಬರೋಣ ಅಂತ ಕೊಲಂಬೊಗೆ ಬಂದಿದ್ದರು. ಬೆಳಗ್ಗೆ ತಿಂಡಿಯ ಹೊತ್ತಿಗೆ ಹೋಟೆಲಿನಲ್ಲಿ ಬಾಂಬ್ ಸಿಡಿಯಿತು. ನೆಲಮಂಗಲದ ಕಡೆಯ ಮನೆಗಳಿಗೆ ಅವರು ಪೆಟ್ಟಿಗೆಯಲ್ಲಿ ವಾಪಸ್ ಬಂದರು. ದಾಳಿಯ ಬಗ್ಗೆ ಭಾರತದಿಂದ ಏಪ್ರಿಲ್ 4ರಿಂದಲೇ ಎಚ್ಚರಿಕೆ ಬಂದಿತ್ತು. ಏಪ್ರಿಲ್ 9ಕ್ಕೆ ನಿಮ್ಮ ಇಲಾಖೆಯೊಳಗೇ ಪತ್ರ ಓಡಾಡಿತ್ತು. 2023ರ ಜನವರಿಯಲ್ಲಿ ನಿಮ್ಮ ಸುಪ್ರೀಂ ಕೋರ್ಟು ಆಗಿನ ಅಧ್ಯಕ್ಷರಿಗೆ 10 ಕೋಟಿ ರೂಪಾಯಿ, ಆಗ ನಿಮ್ಮ ಕುರ್ಚಿಯಲ್ಲಿದ್ದವರಿಗೆ 7.5 ಕೋಟಿ ರೂಪಾಯಿ ಪರಿಹಾರ ಕಟ್ಟಿ ಅಂದಿತು. ಎಲ್ಲರೂ ಆ ಏಪ್ರಿಲ್‌ನ ಪತ್ರಗಳ ಬಗ್ಗೆಯೇ ಮಾತಾಡುತ್ತಾರೆ. ನನಗೆ ಕಾಡುವುದು ಅದಕ್ಕೂ ಎರಡು ವರ್ಷ ಮೊದಲಿನ ದೂರು. ಅದನ್ನು ಬರೆದುಕೊಂಡ ರೈಟರ್ ಯಾರು? ಏನಂತ ಬರೆದುಕೊಂಡ? ‘ಎರಡು ಗುಂಪುಗಳ ಗಲಾಟೆ’ ಅಂತಲಾ?

ಬಾಂಬ್ ಆದ ಮೇಲೆ ನಡೆದದ್ದು ಇನ್ನೂ ವಿಚಿತ್ರ. ದೂರು ಕೊಟ್ಟ ಸಮುದಾಯವೇ ಆರೋಪಿಯಾಯಿತು. ಮೇ ತಿಂಗಳಲ್ಲಿ ಕುರುನೇಗಲ, ಮಿನುವಂಗೊಡ ಕಡೆ ಮುಸ್ಲಿಮರ ಅಂಗಡಿ, ಮಸೀದಿಗಳ ಮೇಲೆ ಗುಂಪುಗಳು ಬಿದ್ದವು. ಅದೇ ತಿಂಗಳು ಹಸಲಕದಲ್ಲಿ ಒಬ್ಬ ಮುಸ್ಲಿಂ ಹೆಂಗಸನ್ನು ಬಂಧಿಸಿದರು. ಆಕೆಯ ಬಟ್ಟೆಯ ಮೇಲೆ ಬೌದ್ಧರ ಧರ್ಮಚಕ್ರ ಇದೆ ಅಂತ. ಅದು ಹಡಗಿನ ಚುಕ್ಕಾಣಿ ಚಕ್ರದ ಚಿತ್ರ! ಹದಿನೈದು ದಿನಕ್ಕೂ ಜಾಸ್ತಿ ಆಕೆ ಒಳಗಿದ್ದರು. ಬರೆದದ್ದನ್ನು ಓದಲು ಬಾರದಿರುವುದು ಒಂದು ಕಥೆ. ನೋಡಿದ್ದನ್ನೂ ಓದಲು ಬಾರದಿದ್ದರೆ ಏನು ಹೇಳುವುದು?

ನಿಮ್ಮವರ ನೋವು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. 1990ರ ಜೂನ್‌ನಲ್ಲಿ ಪೂರ್ವ ಪ್ರಾಂತ್ಯದಲ್ಲಿ ಶರಣಾದ ನೂರಾರು ಪೊಲೀಸರನ್ನು ಎಲ್‌ಟಿಟಿಇ ಸಾಲಾಗಿ ಕೊಂದಿತು. ಸಮವಸ್ತ್ರ ಹಾಕಿದವನಿಗೆ ಅದು ಮರೆಯುವ ಮಾತಲ್ಲ. ಹಾಗೆಯೇ, 1981ರಲ್ಲಿ ಜಾಫ್ನಾ ಗ್ರಂಥಾಲಯ ಸುಟ್ಟ ರಾತ್ರಿ ಅಲ್ಲಿದ್ದ ಸಮವಸ್ತ್ರ ಯಾರದು ಅನ್ನುವುದನ್ನು ಆ ಊರಿನವರೂ ಮರೆತಿಲ್ಲ. ಸುಮಾರು 97 ಸಾವಿರ ಪುಸ್ತಕ. 2016ರ ಅಕ್ಟೋಬರ್‌ನಲ್ಲಿ ಅದೇ ಜಾಫ್ನಾದಲ್ಲಿ ಇಬ್ಬರು ವಿಶ್ವವಿದ್ಯಾಲಯದ ಹುಡುಗರು ಬೈಕಿನಲ್ಲಿ ಬರುವಾಗ ಸತ್ತರು. ಮೊದಲು ಅಪಘಾತ ಅಂದರು. ಆಮೇಲೆ ಪೊಲೀಸರ ಗುಂಡು ಅಂತ ಹೊರಬಂತು. ಅಲ್ಲೂ ಮೊದಲ ಸುಳ್ಳು ಒಂದು ಪುಸ್ತಕದಲ್ಲಿ ಒಂದು ಸಾಲಾಗಿಯೇ ಶುರುವಾಗಿರಬೇಕು. ಎಲ್ಲಾ ಸುಳ್ಳೂ ಹಾಗೇ ಶುರುವಾಗುವುದು. ನಾನೂ ಬರೆದಿದ್ದೇನೆ. ‘ಮಹಜರಿಗೆ ಕರೆದೊಯ್ದಾಗ ಆರೋಪಿಯು ಹಲ್ಲೆ ಮಾಡಿ ತಪ್ಪಿಸಿಕೊಳ್ಳಲು ಯತ್ನಿಸಿದ್ದರಿಂದ ಕಾಲಿಗೆ ಗುಂಡು ಹಾರಿಸಲಾಯಿತು’ ಅನ್ನುವ ಸಾಲು ನಮ್ಮಲ್ಲಿ ಬಾಯಿಪಾಠ. ನಿಮ್ಮಲ್ಲಿ ‘ಬಚ್ಚಿಟ್ಟ ಆಯುಧ ತೋರಿಸಲು ಕರೆದೊಯ್ದಾಗ’ ಅಂತ ಶುರುವಾಗುತ್ತದಂತೆ. ನಾವು ಕಾಲಿಗೆ ನಿಲ್ಲಿಸುತ್ತೇವೆ, ಹೆಚ್ಚಿನ ಸಲ. ಹೆಮ್ಮೆಪಡುವ ವಿಷಯವೇನೂ ಅಲ್ಲ.

ಅಪರಾಧ ಜಾಸ್ತಿಯಾಗಿದೆ, ಗಟ್ಟಿ ಕೈ ಬೇಕು ಅಂತ ನಿಮ್ಮ ಜನರೂ ಕೇಳುತ್ತಿದ್ದಾರೆ. ಕೇಳದೆ ಏನು ಮಾಡುತ್ತಾರೆ? 2025ರ ಫೆಬ್ರುವರಿಯಲ್ಲಿ ಕೊಲಂಬೊದ ಕೋರ್ಟ್ ಹಾಲಿನೊಳಗೇ ಒಬ್ಬ ಪಾತಕಿಯನ್ನು ಗುಂಡಿಟ್ಟು ಕೊಂದರು. ಕೊಂದವನು ವಕೀಲನ ವೇಷದಲ್ಲಿದ್ದ, ಪಿಸ್ತೂಲು ಒಳಗೆ ಹೋದದ್ದು ಹಾಳೆ ಕೊರೆದ ಕಾನೂನು ಪುಸ್ತಕದಲ್ಲಿ. ಸಿನಿಮಾದಲ್ಲಿ ತೋರಿಸಿದರೂ ನಂಬುತ್ತಿರಲಿಲ್ಲ. ಆದರೆ ಗಟ್ಟಿ ಕೈಯನ್ನೂ ನೀವು ನೋಡಿದ್ದೀರಿ. 2023ರ ಡಿಸೆಂಬರ್‌ನಲ್ಲಿ ಮಾದಕ ವಸ್ತು ಮಾರುವವರನ್ನು ಹಿಡಿಯಲು ‘ಯುಕ್ತಿಯ’ ಅಂತ ಕಾರ್ಯಾಚರಣೆ ಶುರುವಾಯಿತು. ಹೆಸರಿನ ಅರ್ಥ ನ್ಯಾಯ. ಬಡವರ ಓಣಿಗಳಿಗೆ ನುಗ್ಗಿ ಸಾವಿರಾರು ಜನರನ್ನು ಎತ್ತಿಹಾಕಿದರು, ಜೊತೆಗೆ ಟಿವಿ ಕ್ಯಾಮೆರಾ. ಮುಂದೆ ನಿಂತಿದ್ದ ಆಗಿನ ಹಂಗಾಮಿ ಮುಖ್ಯಸ್ಥರ ಕಥೆ ಏನಾಯಿತು? ಅದೇ ಡಿಸೆಂಬರ್ 31ಕ್ಕೆ ವೆಲಿಗಮದಲ್ಲಿ ಕೊಲಂಬೊ ಪೊಲೀಸರೂ ಸ್ಥಳೀಯ ಪೊಲೀಸರೂ ಒಬ್ಬರನ್ನೊಬ್ಬರು ಗುರುತಿಸದೆ ಗುಂಡು ಹಾರಿಸಿಕೊಂಡರು, ಒಬ್ಬ ಪೊಲೀಸ್ ಸತ್ತ. ಆ ಕೇಸಿನಲ್ಲಿ ಅವರೇ ತಲೆಮರೆಸಿಕೊಳ್ಳಬೇಕಾಯಿತು. 2025ರ ಆಗಸ್ಟ್ 5ಕ್ಕೆ ಪಾರ್ಲಿಮೆಂಟು 177 ಮತಗಳಿಂದ ಅವರನ್ನು ಹುದ್ದೆಯಿಂದ ತೆಗೆಯಿತು. ವಿರೋಧವಾಗಿ ಒಂದೂ ಮತ ಬೀಳಲಿಲ್ಲ.

ನೀವು ಬಂದ ಮೇಲೆ ಜನ ನೇರವಾಗಿ ನಿಮಗೇ ದೂರು ಕಳಿಸಲಿ ಅಂತ ವಾಟ್ಸಾಪ್ ನಂಬರ್ ಕೊಟ್ಟಿರಿ. ಒಳ್ಳೆಯದೇ. ಆದರೆ ಹಸು ಕಳೆದುಕೊಂಡವರು ಮಹಾನಿರೀಕ್ಷಕರಿಗೆ ವಾಟ್ಸಾಪ್ ಮಾಡಬೇಕಾ? ಆ ತಾಯಿಯ ಹತ್ತಿರ ಇದ್ದದ್ದು ಬಟನ್ ಫೋನು.

ನಿಮ್ಮಲ್ಲಿ ನಾಲ್ವರಲ್ಲಿ ಒಬ್ಬರ ಮನೆಮಾತು ತಮಿಳು. 1987ರ ತಿದ್ದುಪಡಿಯಿಂದ ತಮಿಳೂ ಅಧಿಕೃತ ಭಾಷೆ. ಯುದ್ಧ ಮುಗಿದ ಮೇಲೆ ನಿಮ್ಮದೇ ಸರ್ಕಾರ ನೇಮಿಸಿದ ಆಯೋಗ 2011ರಲ್ಲಿ ಹೇಳಿತು: ಠಾಣೆಗಳಲ್ಲಿ ದಿನದ 24 ಗಂಟೆಯೂ ಎರಡೂ ಭಾಷೆ ಬಲ್ಲವರು ಇರಬೇಕು, ದೂರುದಾರರು ತಮ್ಮ ಭಾಷೆಯಲ್ಲೇ ಹೇಳಿಕೆ ಬರೆಸುವ ಹಕ್ಕಿರಬೇಕು. ಹೊಸದಾಗಿ ನಾನು ಹೇಳಬೇಕಾದ್ದು ಏನೂ ಇಲ್ಲ. ತಮಿಳು ಹುಡುಗರು ಪೊಲೀಸ್ ಸೇರಲು ಹಿಂಜರಿಯುತ್ತಾರೆ ಅಂತ ನೀವು ಹೇಳಬಹುದು. ನಿಜ ಇರಬಹುದು. ಅಮ್ಮನ ಹಸುವಿಗೆ ನ್ಯಾಯ ಸಿಗದ ಠಾಣೆಗೆ ಮಗ ಯಾಕೆ ಸೇರುತ್ತಾನೆ?

ನಾನು ಕೇಳುವುದು ದೊಡ್ಡದಲ್ಲ. ಹೇಳಿದವರ ಭಾಷೆಯಲ್ಲಿ ಬರೆದದ್ದೇ ಮೂಲ ಪ್ರತಿ ಆಗಲಿ, ಸಿಂಹಳದ್ದು ಅನುವಾದ ಅಂತ ಇರಲಿ. ಕೈಯಿಂದ ಬರೆಯಲು ಯಾರೂ ಇಲ್ಲವಾ, ಫೋನಿನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ. ದುಭಾಷಿ ಮಾಡಿದವನು ತನ್ನ ಹೆಸರು ನಂಬರ್ ಹಾಕಿ ಸಹಿ ಮಾಡಲಿ. ಸಹಿ ಮಾಡಬೇಕು ಅಂದ ಕೂಡಲೇ ಮನುಷ್ಯ ಎಷ್ಟು ಹುಷಾರಾಗುತ್ತಾನೆ ಅಂತ ನಿಮಗೆ ಗೊತ್ತಲ್ಲ. ಇನ್ನು ಆ ಹುಡುಗ. ಅವನನ್ನು ಉತ್ತರಕ್ಕೆ ಕಳಿಸುವ ಮೊದಲು ಆರು ತಿಂಗಳು ತಮಿಳು ಕಲಿಸಿ, ಪರೇಡ್ ಎರಡು ತಿಂಗಳು ಕಡಿಮೆಯಾದರೂ ಚಿಂತೆಯಿಲ್ಲ. ಪಾಠ ಶುರು ಮಾಡುವುದು ‘ವಣಕ್ಕಂ’ ಅಂತ ಅಲ್ಲ, ‘ಕಳವು’ ಅಂತ.

ಆವತ್ತು ನಾನು ಠಾಣೆಯಿಂದ ಹೊರಗೆ ಬರುವಾಗ ಆ ತಾಯಿ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ನಿಂತಿದ್ದರು. ನನಗಾಗಿಯೇ ಕಾಯುತ್ತಿದ್ದರೇನೋ. ಕೈಯಲ್ಲಿ ಮಡಚಿದ ಕಾಗದ. ಬಿಚ್ಚಿ ನನ್ನ ಮುಂದೆ ಹಿಡಿದು, ‘ಇದಿಲ ಎನ್ನ ಐಯಾ ಎಳುದಿಯಿರುಕ್ಕು?’ ಅಂತ ಕೇಳಿದರು. ಇದರಲ್ಲಿ ಏನು ಬರೆದಿದೆ?

ನೋಡಿದೆ. ದುಂಡಗೆ, ಮುದ್ದಾಗಿ ಇತ್ತು ಅಕ್ಷರ. ಒಂದು ಕಡೆ ಕಾಟು ಹೊಡೆದು ಮೇಲೆ ಬರೆದಿತ್ತು. ನನಗೂ ಓದಲು ಬರುವುದಿಲ್ಲ ಅಮ್ಮಾ ಅಂದೆ. ನನ್ನ ಜೇಬಿನಲ್ಲೂ ಅಂಥದ್ದೇ ಒಂದು ಕಾಗದ ಇತ್ತು, ಅದಕ್ಕೆ ನಾನೂ ಸಹಿ ಹಾಕಿದ್ದೆ.

ಇಂತಿ,
ಕರ್ನಾಟಕದ ಒಬ್ಬ ನಿವೃತ್ತ ರೈಟರ್